ಐವತ್ತು ಮೂಟೆಯ ಲೆಕ್ಕ: ಕಾರ್ಕಳದ ಒಂದು ಗೇರುಬೀಜ ಕಾರ್ಖಾನೆ ಮತ್ತು 2024ರ ಮಳೆಗಾಲ

2024ರ ಜೂನ್ ಕೊನೆಗೆ ಕಾರ್ಕಳ ತಾಲೂಕಿನ ಒಂದು ಗೇರುಬೀಜ ಕಾರ್ಖಾನೆಯ ಗೋದಾಮಿನಲ್ಲಿ ಉಳಿದಿದ್ದದ್ದು 1,900 ಮೂಟೆ ಕಚ್ಚಾ ಬೀಜ. ದಿನಕ್ಕೆ 50 ಮೂಟೆ, ಅಂದರೆ ನಾಲ್ಕು ಟನ್, ಬೇಯಿಸಿ ಒಡೆಯುವ ಕಾರ್ಖಾನೆ ಅದು. ಭಾನುವಾರಗಳನ್ನು ಕಳೆದರೆ ಆಗಸ್ಟ್ ಎರಡನೇ ವಾರಕ್ಕೆ ಗೋದಾಮು ಖಾಲಿ. ಆರೇಳು ವರ್ಷದ ಹಿಂದೆ ಇದೇ ಹೊತ್ತಿಗೆ ಅಲ್ಲಿ ಹತ್ತು ಸಾವಿರ ಮೂಟೆ ಇರುತ್ತಿತ್ತು. ಮಾಡಿಗೆ ತಾಗುವಷ್ಟು ಎತ್ತರಕ್ಕೆ ಅಟ್ಟಿ ಹಾಕಿ, ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟು ದಾರಿ ಬಿಟ್ಟಿರುತ್ತಿದ್ದರು.

ದಾಸ್ತಾನು ಇಷ್ಟು ಇಳಿದದ್ದು ಯಾರ ಉದಾಸೀನದಿಂದಲೂ ಅಲ್ಲ. ಬೇಕೆಂದೇ, ಲೆಕ್ಕ ಹಾಕಿ, ಬ್ಯಾಂಕಿನವರಿಂದ ಶಹಬ್ಬಾಸ್ ಪಡೆದು ಇಳಿಸಿದ್ದು. ನಾನು ಬ್ಯಾಂಕುಗಳ ಪರವಾಗಿ ಸ್ಟಾಕ್ ಆಡಿಟ್ ಮಾಡುವವನು. ಗೋದಾಮಿಗೆ ಹೋಗಿ ಮೂಟೆ ಎಣಿಸಿ, ಪುಸ್ತಕದ ಲೆಕ್ಕಕ್ಕೂ ಅದಕ್ಕೂ ತಾಳೆ ಹಾಕುವುದು ನನ್ನ ಕೆಲಸ. ಈ ಕಾರ್ಖಾನೆಯ ಏಳುಬೀಳನ್ನು ಹತ್ತಿರದಿಂದ ಕಂಡಿದ್ದೇನೆ. ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಬೀಜ ಬರುವ ದಾರಿ

ಮಂಗಳೂರಿಗೂ ಗೇರುಬೀಜ ಕಾರ್ಖಾನೆಗೂ ನಂಟು ಬೆಳೆದು ನೂರು ವರ್ಷವಾಯಿತು. ಪಿಯರ್ಸ್ ಲೆಸ್ಲಿ ಕಂಪನಿ ಇಲ್ಲಿ ಕಾರ್ಖಾನೆ ತೆರೆದದ್ದು 1925ರ ಹೊತ್ತಿಗೆ. ಗೇರುಮರ ನಮ್ಮ ಗುಡ್ಡದ ತುಂಬ ಇದ್ದರೂ ಕರಾವಳಿಯ ಕಾರ್ಖಾನೆಗಳ ಹೊಟ್ಟೆ ತುಂಬಿಸುವಷ್ಟು ಬೀಜ ಇಲ್ಲಿ ಆಗುವುದಿಲ್ಲ. ದೊಡ್ಡ ಪಾಲು ಆಫ್ರಿಕದಿಂದ ಬರಬೇಕು. ಈ ಕಾರ್ಖಾನೆಯಲ್ಲಂತೂ ಊರಿನ ಬೀಜ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ.

ಕಷ್ಟ ಇರುವುದು ಕಾಲದಲ್ಲಿ. ಐವರಿ ಕೋಸ್ಟ್, ಘಾನಾ, ಬೆನಿನ್ ಕಡೆಯ ಬೀಜ ಫೆಬ್ರವರಿಯಿಂದ ಜೂನ್ ಒಳಗೆ ಬೀಳುತ್ತದೆ. ಗಿನಿ ಬಿಸಾವ್‌ನದು ಸ್ವಲ್ಪ ತಡ. ನಮ್ಮ ಊರಿನದೂ ಮಾರ್ಚ್‌ನಿಂದ ಮೇವರೆಗೆ, ಅದೇ ಹೊತ್ತಿಗೆ. ಆಮೇಲೆ ತಾಂಜಾನಿಯಾದ ಬೀಜ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ಕಾರ್ಖಾನೆಗೆ ಮಾತ್ರ ವರ್ಷವಿಡೀ ಬೀಜ ಬೇಕು, ಏಕೆಂದರೆ ಬೀಜ ಒಡೆಯುವ, ಸಿಪ್ಪೆ ತೆಗೆಯುವ, ಗ್ರೇಡ್ ಮಾಡುವ ನೂರಿಪ್ಪತ್ತು ಮಂದಿಗೆ ವರ್ಷವಿಡೀ ಸಂಬಳ ಬೇಕು. ಈ ಕಾರ್ಖಾನೆಯ ವರ್ಷದ ಹಸಿವು ಸುಮಾರು 1,100 ಟನ್.

ಪಶ್ಚಿಮ ಆಫ್ರಿಕದಿಂದ ಹೊರಟ ಕಂಟೇನರ್ ಕೊಲಂಬೊದಂಥ ಬಂದರಿನಲ್ಲಿ ಇಳಿದು, ಸಣ್ಣ ಫೀಡರ್ ಹಡಗು ಹತ್ತಿ ಮಂಗಳೂರಿನ ಬಂದರು ಇರುವ ಪಣಂಬೂರಿಗೆ ಬರುವಾಗ ಒಂದೂವರೆ ತಿಂಗಳಾಗುವುದೂ ಉಂಟು. ಬಂದರಿನಲ್ಲಿ ಸಸ್ಯ ಸಂಗರೋಧದವರ (ಪ್ಲಾಂಟ್ ಕ್ವಾರಂಟೈನ್) ಪರಿಶೀಲನೆ, ಕಸ್ಟಮ್ಸ್. ಕಚ್ಚಾ ಬೀಜದ ಆಮದು ಸುಂಕ 2018ರ ಬಜೆಟ್‌ನಲ್ಲಿ ಶೇ 5ರಿಂದ 2.5ಕ್ಕೆ ಇಳಿದದ್ದು ಒಂದು ಉಪಕಾರ. ಅಲ್ಲಿಂದ ಪಡುಬಿದ್ರಿ ಮೇಲಾಗಿ ಕಾರ್ಕಳಕ್ಕೆ ಲಾರಿ. ಹಡಗು ತಿಂಗಳುಗಟ್ಟಲೆ ಸುತ್ತಿದರೂ ಯಾರೂ ಬೊಬ್ಬೆ ಹಾಕುವುದಿಲ್ಲ, ಈ ಕೊನೆಯ ಲಾರಿ ಒಂದು ದಿನ ತಡವಾದರೆ ಮಾತ್ರ ಬೆಳಿಗ್ಗೆಯಿಂದ ಫೋನು!

ಅಪ್ಪನ ಪದ್ಧತಿ, ಮಗನ ಪದ್ಧತಿ

ಹಿರಿಯ ಧನಿಗಳದು ಸರಳ ಪದ್ಧತಿ. ಸೀಸನ್ನಿನಲ್ಲಿ ಸಿಕ್ಕಷ್ಟು ಕೊಳ್ಳು, ಮಳೆ ಹಿಡಿಯುವ ಮೊದಲು ಅಂಗಳದಲ್ಲಿ ಒಣಗಿಸು, ಗೋದಾಮು ತುಂಬಿಸು, ಮುಂದಿನ ಯುಗಾದಿವರೆಗೆ ನಿಶ್ಚಿಂತೆ. ತಿರುಳನ್ನು ಆಯಾ ದಿನದ ರೇಟಿಗೆ ಮಾರುತ್ತಿದ್ದರು. ಏರುವ ಮಾರುಕಟ್ಟೆಯಲ್ಲಿ ಈ ಪದ್ಧತಿ ಅವರನ್ನು ಮೇಲೆತ್ತಿತು. ಈಗಿನ ಬಾಯ್ಲರ್, ಕಟಿಂಗ್ ಮೆಷಿನ್‌ಗಳೆಲ್ಲ ಆ ದಿನಗಳ ದುಡ್ಡಿನವು.

2018ರಲ್ಲಿ ಅದೇ ಪದ್ಧತಿ ಅವರನ್ನು ಮಲಗಿಸಿತು. ಆ ಸೀಸನ್ನಿನಲ್ಲಿ ಕಚ್ಚಾ ಬೀಜ ಟನ್ನಿಗೆ 2,000 ಡಾಲರ್ ಆಸುಪಾಸಿನಲ್ಲಿತ್ತು. ಅವರು ಎಂದಿನಂತೆ ಗೋದಾಮು ತುಂಬಿಸಿದರು. ವರ್ಷದ ಕೊನೆಯ ಹೊತ್ತಿಗೆ ತಿರುಳಿನ ದರ ಜಾರಿತು, ಮುಂದಿನ ಸೀಸನ್ನಿನ ಬೀಜ ಬಹಳ ಅಗ್ಗಕ್ಕೆ ಬರತೊಡಗಿತು. ಗೋದಾಮಿನಲ್ಲಿದ್ದ ದುಬಾರಿ ಬೀಜವನ್ನು ಅಗ್ಗದ ತಿರುಳಾಗಿ ಮಾರಬೇಕಾಯಿತು. ಉಳಿದಿದ್ದ 300 ಟನ್ನಿನ ಮೇಲೆ ಟನ್ನಿಗೆ 600 ಡಾಲರ್ ಹೋಯಿತೆಂದು ಹಿಡಿದರೂ, ಆಗಿನ 70 ರೂಪಾಯಿ ಲೆಕ್ಕದಲ್ಲಿ ಒಂದು ಕೋಟಿ 26 ಲಕ್ಷ. ಅದರ ಬಡ್ಡಿಯನ್ನು ತೀರಿಸುತ್ತಿರುವಾಗಲೇ 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂತು, ಸೀಸನ್ನಿನ ನಟ್ಟನಡುವೆ.

ಮಗ ಬೆಂಗಳೂರಿನಲ್ಲಿ ಎಂಬಿಎ ಮಾಡಿ, ಅಲ್ಲಿಯೇ ಕೆಲವು ವರ್ಷ ಕೆಲಸ ಮಾಡಿ ಬಂದವನು. ಖರೀದಿ ಅವನ ಕೈಗೆ ಬಂದದ್ದು 2022ರಲ್ಲಿ. ಅವನ ಮೊದಲ ಪ್ರಶ್ನೆಯೇ ಗೋದಾಮಿನ ಮೇಲೆ: ಈ ಬೀಜಕ್ಕೆ ನಾವು ಯಾಕೆ ಬಡ್ಡಿ ಕಟ್ಟುತ್ತಿದ್ದೇವೆ?

ಅವನ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಸರಾಸರಿ ದಾಸ್ತಾನನ್ನು 350 ಟನ್ ಇಳಿಸಿದರೆ, ಟನ್ನಿಗೆ 1,100 ಡಾಲರ್, ಡಾಲರಿಗೆ 83 ರೂಪಾಯಿಯಂತೆ 3 ಕೋಟಿ 20 ಲಕ್ಷ ರೂಪಾಯಿ ಬಿಡುಗಡೆಯಾಗುತ್ತದೆ. ಶೇ 10 ಬಡ್ಡಿ ಎಂದರೆ ವರ್ಷಕ್ಕೆ 32 ಲಕ್ಷ ಉಳಿತಾಯ. ಬೀಜ ಇಟ್ಟಷ್ಟೂ ತೂಕ ಇಳಿಯುತ್ತದೆ, ಮಳೆಗಾಲದ ತೇವಕ್ಕೆ ತಳದ ಮೂಟೆಗಳು ಕಪ್ಪಾಗುತ್ತವೆ. ಆ ನಷ್ಟವೂ ಉಳಿಯುತ್ತದೆ. ಹಾಗಾಗಿ ಎರಡು ತಿಂಗಳ ದಾಸ್ತಾನು ಮಾತ್ರ ಕೈಯಲ್ಲಿಟ್ಟುಕೊಂಡು, ಉಳಿದದ್ದಕ್ಕೆ ತಿಂಗಳು ತಿಂಗಳು ಹಡಗಿಗೆ ಹತ್ತುವಂತೆ ಒಪ್ಪಂದ. ಜೊತೆಗೆ ಬೀಜದ ಒಪ್ಪಂದವಾದ ಕೂಡಲೇ ಅಷ್ಟೇ ತಿರುಳನ್ನು ದಿಲ್ಲಿ, ಅಹಮದಾಬಾದ್‌ನ ವ್ಯಾಪಾರಿಗಳಿಗೆ ಮುಂಗಡ ದರಕ್ಕೆ, ಅಂದರೆ ಮುಂದೆ ಕೊಡುವ ಸರಕಿಗೆ ಈಗಲೇ ಗೊತ್ತುಮಾಡಿದ ದರಕ್ಕೆ, ಮಾರಿಬಿಡುವುದು. ಕೊಂಡ ದರ, ಮಾರಿದ ದರ ಎರಡೂ ಗಟ್ಟಿ, ನಡುವಿನದು ಲಾಭ. 2022, 2023 ಎರಡೂ ವರ್ಷ ಮಾರುಕಟ್ಟೆ ತಣ್ಣಗಿತ್ತು, ಕೇಳಿದಾಗ ಬೀಜ ಸಿಗುತ್ತಿತ್ತು, ಪದ್ಧತಿ ಗಡಿಯಾರದಂತೆ ನಡೆಯಿತು. 64 ಲಕ್ಷ ಉಳಿಯಿತು.

ಹಿರಿಯರು ಮಾತ್ರ ಗೊಣಗುತ್ತಿದ್ದರು. "ನಿನ್ನ ಬೀಜ ಎಲ್ಲಿದೆ ಮಾರಾಯ? ನನಗೆ ಕಾಣುದು ಬರೀ ಇಮೇಲು."

ಆಫ್ರಿಕದಲ್ಲಿ ಆದದ್ದು

2024ರ ಫೆಬ್ರವರಿಯಲ್ಲಿ ಪಶ್ಚಿಮ ಆಫ್ರಿಕದ ಬೀಜ ಟನ್ನಿಗೆ ಸಾವಿರ ಡಾಲರ್ ಆಸುಪಾಸಿನಿಂದ ಹೊರಟಿತು. ಐವರಿ ಕೋಸ್ಟ್ ಸರಕಾರ ರೈತರಿಗೆ ಕಿಲೋಗೆ 275 ಸಿಎಫ್‌ಎ ಫ್ರಾಂಕ್ ಕನಿಷ್ಠ ದರ ಗೊತ್ತುಮಾಡಿತ್ತು. ಆಮೇಲೆ ಒಂದರ ಮೇಲೊಂದು. ಹವೆ ಕೈಕೊಟ್ಟು ಫಸಲು ಕಡಿಮೆಯಾಯಿತು. 2006ರಿಂದ ತಿರುಳು ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿರುವ ವಿಯೆಟ್ನಾಂ ಅದೇ ಬಂದರುಗಳಲ್ಲಿ, ಅದೇ ಬೀಜಕ್ಕೆ ಮುಗಿಬಿತ್ತು. ಬೆನಿನ್ ದೇಶ ಮೊದಲೇ ಸಾರಿದ್ದಂತೆ 2024ರ ಏಪ್ರಿಲ್ 1ರಿಂದ ಕಚ್ಚಾ ಬೀಜದ ರಫ್ತನ್ನೇ ನಿಲ್ಲಿಸಿತು. ಗ್ಲೋ-ಜಿಗ್ಬೆ ಕೈಗಾರಿಕಾ ವಲಯದ ತನ್ನದೇ ಕಾರ್ಖಾನೆಗಳಿಗೆ ಬೀಜ ಬೇಕು ಎಂದು. ಐವರಿ ಕೋಸ್ಟ್ ಕೂಡ ಒಳನಾಡಿನ ಕಾರ್ಖಾನೆಗಳಿಗೆ ಬೀಜ ಸಿಗಲಿ ಎಂದು ಸ್ವಲ್ಪ ಕಾಲ ರಫ್ತಿಗೆ ತಡೆ ಹಾಕಿತು.

ಇದರಲ್ಲಿ ಅವರದು ಅನ್ಯಾಯ ಎಂದು ನಮ್ಮವರು ಬೈಯುವುದನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಬೀಜವನ್ನು ಕಚ್ಚಾ ಕಳಿಸಿ ಕೂಲಿ, ಲಾಭ ಎರಡನ್ನೂ ಬೇರೆಯವರಿಗೆ ಬಿಟ್ಟುಕೊಡಲು ಯಾವ ದೇಶಕ್ಕೆ ಮನಸ್ಸಿದ್ದೀತು? ನಾವೇನು ಕಮ್ಮಿ ಮಾಡಿದ್ದೇವೆ? ಹೊರಗಿನ ಅಗ್ಗದ ತಿರುಳು ಒಳಬರದಂತೆ 2019ರ ಜೂನ್‌ನಲ್ಲಿ ಇಡೀ ತಿರುಳಿಗೆ ಕಿಲೋಗೆ 720, ತುಂಡಿಗೆ 680 ರೂಪಾಯಿ ಕನಿಷ್ಠ ಆಮದು ದರ ಹಾಕಿ ಬಾಗಿಲು ಮುಚ್ಚಿಕೊಂಡವರೇ.

ಮಳೆಗಾಲದ ಹೊತ್ತಿಗೆ ದರ ಸಾವಿರದೈನೂರರ ಹತ್ತಿರ ಹೋಯಿತು. ಮಗನ ಕೈಯಲ್ಲಿದ್ದ ಒಪ್ಪಂದ 400 ಟನ್ನಿನದು, 1,050 ಡಾಲರ್ ದರದ್ದು, ಮೇ–ಜೂನ್‌ನಲ್ಲಿ ಹಡಗು ಹತ್ತಬೇಕಾದದ್ದು. ಮಾರುವವನು ಇನ್ನೊಬ್ಬ ದೊಡ್ಡ ವರ್ತಕನ ಮೂಲಕ ಕೊಳ್ಳುವ ಮಧ್ಯವರ್ತಿ. ಅವನ ಇಮೇಲುಗಳು ಮೊದಲು ಮೃದುವಾಗಿದ್ದವು: ಕಂಟೇನರ್ ಸಿಗುತ್ತಿಲ್ಲ, ಮಳೆ ಶುರುವಾಗಿದೆ, ಸರಕಾರದ ಪರವಾನಗಿ ತಡ. ಆಮೇಲೆ ದರ ಪರಿಷ್ಕರಿಸೋಣ ಎಂದ. ಆಮೇಲೆ ಉತ್ತರವೇ ಇಲ್ಲ. "ಎಂಥ ಮಾಡುದು ಸರ್, ಫೋನ್ ರಿಂಗ್ ಆಗ್ತದೆ, ಎತ್ತುದಿಲ್ಲ" ಎಂದು ಮಗ ಒಂದು ಸಂಜೆ ಹೇಳಿದ. ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತು ಇತ್ತು, ಆದರೆ ವಿದೇಶದಲ್ಲಿ ದಾವೆ ಹೂಡಿ ಗೆದ್ದು ಬರುವ ಹೊತ್ತಿಗೆ ಎಷ್ಟು ದೀಪಾವಳಿ ಕಳೆಯುತ್ತದೋ. 400ರಲ್ಲಿ ಬಂದದ್ದು 100 ಟನ್, ಅದೂ ಜುಲೈಯಲ್ಲಿ.

ಕತ್ತರಿಯ ಕೆಳಗೆ

ಆ 100 ಟನ್ನಿನ ಕಂಟೇನರ್‌ಗಳಿಂದ ತೆಗೆದ ಮಾದರಿ ಕಾರ್ಖಾನೆಯ ಮೇಜಿನ ಮೇಲೆ ಬಿದ್ದ ದಿನ ನಾನು ಅಲ್ಲಿದ್ದೆ. ಗೇರುಬೀಜ ವ್ಯಾಪಾರದ ಜೀವ ಇರುವುದೇ ಈ ಕಟಿಂಗ್ ಪರೀಕ್ಷೆಯಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೇರೆ ಬೇರೆ ಮೂಟೆಗಳಿಗೆ ಕೊಳವೆ ಚುಚ್ಚಿ ತೆಗೆದ ಬೀಜವನ್ನು ಬೆರೆಸಿ ಸರಿಯಾಗಿ ಒಂದು ಕಿಲೋ ತೂಗುತ್ತಾರೆ. ಮೊದಲು ಎಣಿಕೆ: ಕಿಲೋಗೆ ಎಷ್ಟು ಬೀಜ. ಎಣಿಕೆ ಕಡಿಮೆಯಿದ್ದಷ್ಟೂ ಬೀಜ ದಪ್ಪ. ಆಮೇಲೆ ಒಂದೊಂದನ್ನೇ ಉದ್ದಕ್ಕೆ ಸೀಳಿ ಗುಂಪು ಮಾಡುತ್ತಾರೆ. ಬೆಳ್ಳಗಿನ ಒಳ್ಳೆ ತಿರುಳು ಒಂದು ಕಡೆ. ಚುಕ್ಕೆ ಬಿದ್ದದ್ದು, ಎಳತು, ಸುಕ್ಕಿದ್ದು ಇನ್ನೊಂದು ಕಡೆ. ಪೊಳ್ಳು, ಕೊಳೆತದ್ದು, ಹುಳ ತಿಂದದ್ದು ಮತ್ತೊಂದು ಕಡೆ. ಒಳ್ಳೆ ತಿರುಳಿನ ಪೂರ್ತಿ ತೂಕ, ಎರಡನೇ ಗುಂಪಿನ ಅರ್ಧ ತೂಕ, ಮೂರನೆಯದಕ್ಕೆ ಸೊನ್ನೆ. ಒಟ್ಟು 272 ಗ್ರಾಂ ಬಂದರೆ ಔಟ್‌ಟರ್ನ್ 48 ಪೌಂಡ್, ಅಂದರೆ 80 ಕಿಲೋದ ಒಂದು ಮೂಟೆಯಿಂದ 48 ಪೌಂಡ್ ತಿರುಳು. 255 ಗ್ರಾಂ ಬಂದರೆ 45.

ಕಟಿಂಗ್ ವಿಭಾಗದ ಹಿರಿಯಕ್ಕ ಒಬ್ಬರು ಸೀಳುತ್ತಿದ್ದರು. ಮೂವತ್ತು ವರ್ಷದಿಂದ ಅದೇ ಕೆಲಸ. ಗೇರುಬೀಜದ ಎಣ್ಣೆ ತಾಗಿ ಬೆರಳಿನ ತುದಿಗಳು ಕಪ್ಪಾಗಿ ಬಲಿತಿವೆ. ಅರ್ಧ ಕಿಲೋ ಸೀಳುವಷ್ಟರಲ್ಲೇ "ಇದು ಹಳೇ ಬೀಜ ಧನಿ, ಈ ವರ್ಷದ್ದಲ್ಲ" ಎಂದರು. ತಿರುಳಿನ ಅಂಚು ಹಳದಿಯಾಗಿತ್ತು, ಸಿಪ್ಪೆ ಒಣಗಿ ಅಂಟಿಕೊಂಡಿತ್ತು. ತೂಗಿದಾಗ ಬಂದದ್ದು 45 ಪೌಂಡಿಗೂ ಸ್ವಲ್ಪ ಕಡಿಮೆ. ಒಪ್ಪಂದದಲ್ಲಿದ್ದದ್ದು 48. ಹಡಗು ಹತ್ತಿಸುವ ಬಂದರಿನಲ್ಲಿ ಮಾಡಿದ ಪರೀಕ್ಷೆಯ ಪ್ರಮಾಣಪತ್ರದಲ್ಲೂ 48 ಎಂದೇ ಇತ್ತು, ಮತ್ತು ಒಪ್ಪಂದದ ಪ್ರಕಾರ ಅದೇ ಅಂತಿಮ.

ಮೂರು ಪೌಂಡು ಎಂದರೆ ಏನು ಮಹಾ ಎಂದು ಹೊರಗಿನವರಿಗೆ ಅನ್ನಿಸಬಹುದು. ಮೂಟೆಗೆ 1.36 ಕಿಲೋ, ಟನ್ನಿಗೆ ಹನ್ನೆರಡೂವರೆ ಮೂಟೆ, ಹಾಗಾಗಿ 17 ಕಿಲೋ ತಿರುಳು. ಎಲ್ಲ ಗ್ರೇಡ್ ಸೇರಿ ಸರಾಸರಿ ಕಿಲೋಗೆ 600 ರೂಪಾಯಿ ಹಿಡಿದರೂ ಟನ್ನಿಗೆ 10,200 ರೂಪಾಯಿ. ಡಾಲರಿನಲ್ಲಿ ಹೇಳುವುದಾದರೆ 1,050ಕ್ಕೆ ಕೊಂಡ ಬೀಜ ನಿಜವಾಗಿ ಬಿದ್ದದ್ದು 1,170ರ ಮೇಲೆ. ಖರೀದಿಯವರು ಐದು ಡಾಲರಿಗೆ ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ. ಈ 120 ಡಾಲರ್ ಕತ್ತರಿಯ ಕೆಳಗೆ ಸದ್ದಿಲ್ಲದೆ ಹೋಗುತ್ತದೆ. ಅದೂ ಅಲ್ಲದೆ ಹಳೇ ಬೀಜದಲ್ಲಿ ತುಂಡಾಗುವುದು ಹೆಚ್ಚು. ಒಂದು ಪೌಂಡಿಗೆ 300ರಿಂದ 320 ತಿರುಳು ತೂಗುವ 320 ನಂಬರ್ ಗ್ರೇಡಿಗೆ ಆರ್ಡರ್ ಹಿಡಿದುಕೊಂಡವನಿಗೆ ರಾಶಿ ತುಂಡು ಸಿಕ್ಕಿ ಪ್ರಯೋಜನವೇನು?

ಜುಲೈಯ ನಿರ್ಧಾರಗಳು

ಪರಿಸ್ಥಿತಿ ಹೀಗಿತ್ತು. ದಿಲ್ಲಿ, ಅಹಮದಾಬಾದ್‌ಗೆ ಏಪ್ರಿಲ್ ದರದಲ್ಲಿ 60 ಟನ್ ತಿರುಳು ಮಾರಿಯಾಗಿದೆ. ಕೊಡಬೇಕಾದದ್ದು ರಕ್ಷಾಬಂಧನದಿಂದ ದೀಪಾವಳಿವರೆಗೆ. ಅದಕ್ಕೆ ಬೇಕಾದ ಬೀಜ 220 ಟನ್. ಗೋದಾಮಿನಲ್ಲಿರುವುದು, ಹಳೇ ಬೀಜ ಎರಡನ್ನೂ ಸೇರಿಸಿದರೂ ಬೇರೆ ಗಿರಾಕಿಗಳನ್ನೆಲ್ಲ ಬಿಟ್ಟು ಇದಕ್ಕೇ ಸುರಿಯಬೇಕು, ಆಮೇಲೆ ಕಾರ್ಖಾನೆ ಮುಚ್ಚಬೇಕು. ವಿಯೆಟ್ನಾಂನಿಂದ ತಿರುಳನ್ನೇ ತರಿಸೋಣವೆಂದರೆ ಕನಿಷ್ಠ ಆಮದು ದರದ ಗೋಡೆ. ಉಳಿದದ್ದು ಒಂದೇ: ಮಂಗಳೂರಿನಲ್ಲಿ ಬೀಜ ತರಿಸಿಟ್ಟುಕೊಂಡಿದ್ದ ದೊಡ್ಡ ಆಮದುದಾರರಿಂದ ಆ ದಿನದ ದರಕ್ಕೆ ಕೊಳ್ಳುವುದು.

200 ಟನ್ ಕೊಂಡರು, ಟನ್ನಿಗೆ 450 ಡಾಲರ್ ಹೆಚ್ಚು ತೆತ್ತು. 75 ಲಕ್ಷ. ಎರಡು ವರ್ಷ ಬಡ್ಡಿಯಲ್ಲಿ ಉಳಿಸಿದ್ದ 64 ಲಕ್ಷ ಹೋಗಿ ಮೇಲೆ 11 ಲಕ್ಷ. ಊರಿನ ಬೇರೆ ಕಾರ್ಖಾನೆಗಳೂ ಅದೇ ದರಕ್ಕೆ ಕೊಂಡವು, ಆದರೆ ತಿರುಳಿನ ದರವೂ ಏರುತ್ತಿದ್ದುದರಿಂದ ಅವಕ್ಕೆ ಅಷ್ಟು ಪೆಟ್ಟಾಗಲಿಲ್ಲ. ಈ ಕಾರ್ಖಾನೆಯ ತಿರುಳು ಮಾತ್ರ ಏಪ್ರಿಲ್ ದರಕ್ಕೆ ಕಟ್ಟಿಬಿದ್ದಿತ್ತು.

ಇಲ್ಲಿಯೇ ಪ್ರಕರಣದ ಗಂಟು ಇರುವುದು. ಊರಿನಲ್ಲಿ ಇದನ್ನು ಎಲ್ಲರೂ 'ಸ್ಟಾಕ್ ಇಡದೆ ಕೆಟ್ಟರು' ಎಂದು ಹೇಳುತ್ತಾರೆ. 2018ರಲ್ಲಿ 'ಸ್ಟಾಕ್ ಇಟ್ಟು ಕೆಟ್ಟರು' ಎಂದಿದ್ದರು. ನನಗೆ ಕಂಡಂತೆ ಎರಡೂ ಸಲ ಆದದ್ದು ಒಂದೇ. ಅಪ್ಪ ಕೊಂಡದ್ದು ಗಟ್ಟಿ, ಮಾರುವ ದರ ತೆರೆದು ಬಿಟ್ಟಿದ್ದರು. ದರ ಇಳಿದಾಗ ಸಿಕ್ಕಿಬಿದ್ದರು. ಮಗ ಮಾರಿದ್ದು ಗಟ್ಟಿ, ಕೊಂಡದ್ದು ಕಾಗದದ ಮೇಲೆ ಮಾತ್ರ ಗಟ್ಟಿ. ದರ ಏರಿದಾಗ ಸಿಕ್ಕಿಬಿದ್ದ. ಕೊಳ್ಳುವ ಕಡೆ, ಮಾರುವ ಕಡೆ ಎರಡನ್ನೂ ಹೊಂದಿಸಿದ್ದೇನೆ ಎಂದು ಅವನು ತಿಳಿದದ್ದು ಎರಡು ಕಾಗದಗಳನ್ನು ಹೊಂದಿಸಿದ್ದಷ್ಟೇ. ಆ ಎರಡು ಕಾಗದಗಳಿಗೆ ಒಂದೇ ಬೆಲೆಯಿರಲಿಲ್ಲ. ದಿಲ್ಲಿಯ ವ್ಯಾಪಾರಿಗೆ ಮಾತು ತಪ್ಪಿದರೆ ಮುಂದಿನ ವರ್ಷ ಅವನ ಅಂಗಡಿ ಮೆಟ್ಟಿಲು ಹತ್ತುವ ಹಾಗಿಲ್ಲ. ಆಫ್ರಿಕದ ಮಧ್ಯವರ್ತಿಗೆ ಮಾತು ತಪ್ಪಿದರೆ ಕಳೆದುಕೊಳ್ಳಲು ಏನೂ ಇರಲಿಲ್ಲ.

ದಾರಿಯ ಕತೆ ಬೇರೆಯೇ. 60 ಟನ್ನಿನ ಮೊದಲ ಕಂತು, 11.34 ಕಿಲೋದ ಟಿನ್ನುಗಳಲ್ಲಿ ತುಂಬಿ, ಜುಲೈ ಮೂರನೇ ವಾರ ಲಾರಿ ಹತ್ತಬೇಕಿತ್ತು. ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯಿತು. ಜೀವ ಕಳೆದುಕೊಂಡವರ ನಡುವೆ ನಮ್ಮ ಟಿನ್ನುಗಳ ಮಾತು ಆಡಬಾರದು, ಆದರೆ ಉಡುಪಿಯಿಂದ ಉತ್ತರಕ್ಕೆ ಹೋಗುವ ಸರಕಿಗೆ ಅದೇ ಹೆದ್ದಾರಿ. ಅದೇ ದಿನಗಳಲ್ಲಿ ಶಿರಾಡಿ ಘಾಟಿಯಲ್ಲಿಯೂ ಮಣ್ಣು ಜಾರಿ ಸಂಚಾರ ನಿಂತು ನಿಂತು ಸಾಗುತ್ತಿತ್ತು. ಆಗುಂಬೆಯಲ್ಲಿ ಭಾರೀ ವಾಹನ ಬಿಡುವುದಿಲ್ಲ. ಜುಲೈ 26ರಂದು ಎಡಕುಮೇರಿ ಬಳಿ ಹಳಿಯ ಕೆಳಗಿನ ಮಣ್ಣು ಕುಸಿದು ಬೆಂಗಳೂರು ರೈಲೂ ನಿಂತಿತು. ಕರಾವಳಿಯಿಂದ ಘಟ್ಟ ಹತ್ತುವ ದಾರಿಗಳು ನಕ್ಷೆಯಲ್ಲಿ ಐದಾರು ಕಾಣುತ್ತವೆ. ದೊಡ್ಡ ಮಳೆ ಬಂದರೆ ಎಲ್ಲವೂ ಒಟ್ಟಿಗೇ ಬಾಗಿಲು ಹಾಕುತ್ತವೆ, ಏಕೆಂದರೆ ಎಲ್ಲವೂ ಅದೇ ಘಟ್ಟದಲ್ಲಿವೆ. ಸರಕು ಸುತ್ತಿ ಬಳಸಿ ಹೋಗಿ ತಲುಪಿತು, ಬಾಡಿಗೆ ಹೆಚ್ಚಾಯಿತು, ರಕ್ಷಾಬಂಧನದ ಆಗಸ್ಟ್ 19ರ ಒಳಗೆ ಅಂಗಡಿಗೆ ಮುಟ್ಟಿದ್ದು ಅರ್ಧ ಮಾತ್ರ.

ಬೀಜ ಉಳಿಸಲು ಆಗಸ್ಟ್‌ನಿಂದ ವಾರಕ್ಕೆ ಆರು ದಿನದ ಬದಲು ನಾಲ್ಕು ದಿನ ಕೆಲಸ. ಇದರ ಪೆಟ್ಟು ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಬರುವುದಿಲ್ಲ. ದಿನಗೂಲಿ ಎರಡು ದಿನ ಹೋದರೆ ಸಂಘದ ಸಾಲದ ಕಂತು ಕಟ್ಟಲಾಗದು. ಸಿಪ್ಪೆ ತೆಗೆಯುವ, ಗ್ರೇಡ್ ಮಾಡುವ ಹೆಂಗಸರಲ್ಲಿ ಹದಿನೈದಿಪ್ಪತ್ತು ಮಂದಿ ಬೇರೆ ಕಾರ್ಖಾನೆಯ ವ್ಯಾನು ಹತ್ತಿದರು. ಕೆಲವರು ಬೀಡಿಗೆ ಮರಳಿದರು. ಕಣ್ಣಳತೆಯಲ್ಲೇ 240, 320, 450 ಬೇರೆ ಮಾಡುವ ಕೈ ತಯಾರಾಗಲು ತಿಂಗಳುಗಳು ಬೇಕು. ಅವರ ಜಾಗಕ್ಕೆ ಈಗ ಅರ್ಧದಷ್ಟು ಒಡಿಶಾ, ಜಾರ್ಖಂಡ್‌ನ ಹುಡುಗಿಯರು ಬಂದಿದ್ದಾರೆ, ವಸತಿ ಕಟ್ಟಿಕೊಡಬೇಕಾಗಿದೆ. ಪೂರೈಕೆ ಸರಪಳಿಯ ಬಗ್ಗೆ ಮಾತಾಡುವವರು ಹಡಗು, ಬಂದರು, ಡಾಲರ್ ಎಂದೇ ಹೇಳುತ್ತಾರೆ. ಕಾರ್ಕಳದ ಪಕ್ಕದ ಮಿಯ್ಯಾರಿನಿಂದ ಬೆಳಿಗ್ಗೆ ಹೊರಡುವ ವ್ಯಾನಿನಲ್ಲಿ ಎಷ್ಟು ಸೀಟು ಖಾಲಿ ಎಂಬುದನ್ನೂ ಅದರಲ್ಲಿ ಸೇರಿಸಬೇಕು.

ಕಪ್ಪು ಹಲಗೆ

2025ರ ಸೀಸನ್ನಿಗೆ ಮುಂಚೆ ಅಪ್ಪ, ಮಗ, ಬ್ಯಾಂಕ್ ಮ್ಯಾನೇಜರ್ ಕೂತು ಮಾತಾಡಿದರು, ನಾನೂ ಇದ್ದೆ. ಮಾತು ಬಿಸಿಯಾಯಿತು. ಅಪ್ಪನಿಗೆ ಗೋದಾಮು ಮೊದಲಿನಂತೆ ತುಂಬಬೇಕು. ಮಗನಿಗೆ ಬಡ್ಡಿಯ ಚಿಂತೆ. ಕೊನೆಗೆ ನಿಂತದ್ದು ಎರಡರ ನಡುವೆ, ಆದರೆ ಬರಿಯ ರಾಜಿಯಲ್ಲ.

ಹಿರಿಯರ ಕುರ್ಚಿಯ ಹಿಂದೆ ಒಂದು ಕಪ್ಪು ಹಲಗೆ ಬಂದಿದೆ. ಪ್ರತಿ ಸೋಮವಾರ ಮೇಸ್ತ್ರಿ ಚಾಕ್‌ಪೀಸಿನಲ್ಲಿ ಬರೆಯುತ್ತಾರೆ. ಎಡಗಡೆ ಬೀಜ: ಗೋದಾಮಿನಲ್ಲಿ, ಪಣಂಬೂರಿನಲ್ಲಿ, ಹಡಗಿನಲ್ಲಿ, ಕಾಗದದಲ್ಲಿ. ಬಲಗಡೆ ತಿರುಳು: ಮಾರಿ ಕೊಡಬೇಕಾದದ್ದು, ಮಾರದೆ ಇರುವುದು. ಸರಕು ಹಡಗು ಹತ್ತಿದ್ದಕ್ಕೆ ಸಿಗುವ ರಸೀದಿ, ಬಿಲ್ ಆಫ್ ಲೇಡಿಂಗ್, ಕೈಗೆ ಬಂದ ಬೀಜಕ್ಕೆ ಪೂರ್ತಿ ಲೆಕ್ಕ. ಬರೀ ಒಪ್ಪಂದದ ಬೀಜಕ್ಕೆ ಅರ್ಧ ಲೆಕ್ಕ. 100 ಟನ್ ಒಪ್ಪಂದವಾದರೆ ಹಲಗೆಯಲ್ಲಿ ಬರೆಯುವುದು 50. ಎಡಗಡೆಯ ಮೊತ್ತ ದಾಟಿ ಬಲಗಡೆ ಒಂದು ಟಿನ್ನನ್ನೂ ಮುಂಗಡ ಮಾರುವ ಹಾಗಿಲ್ಲ. ದೊಡ್ಡ ಕಂಪನಿಗಳು ಇದಕ್ಕೆ ಸಾಫ್ಟ್‌ವೇರ್ ಇಟ್ಟುಕೊಂಡಿವೆ. ಇಲ್ಲಿ ಚಾಕ್‌ಪೀಸು ಸಾಕಾಗಿದೆ, ಮತ್ತು ಕಚೇರಿಗೆ ಬಂದ ದಲ್ಲಾಳಿಗೂ ಅದು ಕಾಣುತ್ತದೆ. ಅದರಿಂದ ಚೌಕಾಸಿಯಲ್ಲಿ ಲಾಭವೋ ನಷ್ಟವೋ ಎಂದು ಅಪ್ಪ ಮಗನಿಗೆ ಈಗಲೂ ಚರ್ಚೆ.

ನಾಲ್ಕು ತಿಂಗಳ ಬೀಜ ಯಾವಾಗಲೂ ಗೋದಾಮಿನಲ್ಲಿ ಇರಬೇಕು, ಅದರ ಮೇಲೆ ಮುಂಗಡ ಮಾರಾಟ ಇಲ್ಲ. ನಾಲ್ಕು ತಿಂಗಳೇ ಯಾಕೆ? ಜೂನ್‌ಗೆ ಪಶ್ಚಿಮ ಆಫ್ರಿಕ ಮುಗಿದರೆ ತಾಂಜಾನಿಯಾದ ಬೀಜ ಅಕ್ಟೋಬರ್‌ಗೆ. ಆ ಕಂದಕ ದಾಟುವಷ್ಟು. ತಾಂಜಾನಿಯಾವನ್ನೂ ಪೂರ್ತಿ ನಂಬುವ ಹಾಗಿಲ್ಲ ಎಂದು ಅಪ್ಪ ನೆನಪಿಸುತ್ತಾರೆ; 2018ರ ನವೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷ ಮಗುಫುಲಿ ಇಡೀ ಫಸಲನ್ನು ಸರಕಾರವೇ ಕೊಳ್ಳುವುದೆಂದು ಸೈನ್ಯದ ಲಾರಿ ಇಳಿಸಿದ್ದನ್ನು ಅವರು ಮರೆತಿಲ್ಲ. ಹಾಗಾಗಿ ಅಲ್ಲಿಂದ ಬರುವುದು ವರ್ಷದ ಬೇಡಿಕೆಯ ಕಾಲು ಭಾಗ ಮೀರದಂತೆ ನೋಡಿಕೊಳ್ಳುತ್ತಾರೆ.

ಒಬ್ಬ ಮಧ್ಯವರ್ತಿಯ ಜಾಗಕ್ಕೆ ಮೂವರು ಬಂದಿದ್ದಾರೆ. ಇದಕ್ಕಿಂತ ಮುಖ್ಯ ಬದಲಾವಣೆ ಒಪ್ಪಂದದ ಒಂದು ಸಾಲಿನಲ್ಲಿದೆ: ಅಂತಿಮ ಔಟ್‌ಟರ್ನ್ ಪಣಂಬೂರಿನಲ್ಲಿ ಇಳಿಸಿದ ಮೇಲೆ, ಸ್ವತಂತ್ರ ಸರ್ವೇಯರ್ ಎದುರು ಮಾಡಿದ ಪರೀಕ್ಷೆಯದ್ದು. 47 ಪೌಂಡಿಗಿಂತ ಕಡಿಮೆ ಬಂದರೆ ಆ ಪ್ರಮಾಣಕ್ಕೆ ದರ ಕಡಿತ, 45ಕ್ಕಿಂತ ಕೆಳಗೆ ತಿರಸ್ಕಾರ. ಈ ಸಾಲಿಗೆ ಮಾರುವವರು ಸುಮ್ಮನೆ ಒಪ್ಪುವುದಿಲ್ಲ, ಟನ್ನಿಗೆ ಹದಿನೈದಿಪ್ಪತ್ತು ಡಾಲರ್ ಹೆಚ್ಚು ಕೇಳುತ್ತಾರೆ. 120 ಡಾಲರ್ ಕಳೆದುಕೊಂಡವನಿಗೆ ಅದು ಅಗ್ಗ.

ಊರಿನ ಬೀಜದ ಪಾಲು ಹೆಚ್ಚಿಸುವುದು ಅಪ್ಪನ ಆಸೆ. ಹೆಬ್ರಿ, ಬೆಳ್ತಂಗಡಿ ಕಡೆಯ ಎರಡು ಕೃಷಿ ಪತ್ತಿನ ಸಹಕಾರಿ ಸಂಘಗಳ ಮೂಲಕ ಬೆಳೆಗಾರರಿಂದ ನೇರ ಕೊಳ್ಳುತ್ತಿದ್ದಾರೆ; ಚೆನ್ನಾಗಿ ಒಣಗಿಸಿ ತಂದವರಿಗೆ ಕಿಲೋಗೆ ಒಂದಿಷ್ಟು ಹೆಚ್ಚು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ಭಾಸ್ಕರ ತಳಿ ಹಾಕಿದವರ ಬೀಜದಲ್ಲಿ ಶೇ 30ರ ಆಸುಪಾಸು ತಿರುಳು ಬರುತ್ತದೆ, ಮೂಟೆಗೆ 50 ಪೌಂಡಿನ ಮೇಲೆ. ಐವರಿ ಕೋಸ್ಟ್‌ನ ಬೀಜಕ್ಕೆ ಆ ಔಟ್‌ಟರ್ನ್ ಅಪರೂಪ. ಆದರೆ ಪ್ರಮಾಣ ಎಷ್ಟು? ಎಷ್ಟು ಎಳೆದಾಡಿದರೂ ವರ್ಷದ ಒಂದೂವರೆ ತಿಂಗಳಿಗೆ ಸಾಕಾಗುವಷ್ಟು. ಅಂಗಡಿಗಳಲ್ಲಿ ಕಿಲೋ ಎರಡು ಕಿಲೋ ಬೀಜ ಕೊಟ್ಟು ದಿನಸಿ ಒಯ್ಯುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ, ಆ ಬೀಜವನ್ನು ಸಂಘಕ್ಕೆ ತಿರುಗಿಸುವುದು ಅಷ್ಟು ಸುಲಭವಲ್ಲ. ಸ್ವಾವಲಂಬನೆ ಎಂಬ ದೊಡ್ಡ ಮಾತನ್ನು ಇದಕ್ಕೆ ಅಂಟಿಸುವವರ ಬಗ್ಗೆ ನನಗೆ ಅನುಮಾನವಿದೆ.

ಮೊದಲ ವರ್ಷದ ಪರೀಕ್ಷೆ

2025ರಲ್ಲಿ ಐವರಿ ಕೋಸ್ಟ್ ರೈತರ ಕನಿಷ್ಠ ದರವನ್ನು 275ರಿಂದ 425 ಫ್ರಾಂಕಿಗೆ ಏರಿಸಿತು, ಸೀಸನ್ ಶುರುವಾದದ್ದೇ ಬಿಸಿಯಾಗಿ. ಮುಂಗಾರು ಮೇ 24ರಂದೇ ಕೇರಳ ಮುಟ್ಟಿತು. ಕೊನೆಯ ಕೊಯ್ಲಿನ ಊರಿನ ಬೀಜ ಮರದಡಿಯಲ್ಲೇ ನೆನೆಯಿತು. ಅಂಗಳದಲ್ಲಿ ಹರವಿದ್ದ ಬೀಜವನ್ನು ಮೂರು ದಿನ ಗುಡಿಸಿ ಒಳಹಾಕಿ, ಬಿಸಿಲು ಕಂಡಾಗ ಮತ್ತೆ ಹರವಿ, ಹೆಂಗಸರ ಸೊಂಟ ಬಿದ್ದುಹೋಯಿತು. ಆಮೇಲೆ ಒಂದು ಸಣ್ಣ ಡ್ರೈಯರ್ ಬಂತು. ಅದಕ್ಕೆ ಉರುವಲು ಗೇರುಬೀಜದ ಹೊರಸಿಪ್ಪೆಯದ್ದೇ.

ಮುಂಗಾರು ಮುಟ್ಟಿದ ಮರುದಿನವೇ, ಮೇ 25ರಂದು, 640 ಕಂಟೇನರ್ ಹೊತ್ತ ಎಂಎಸ್‌ಸಿ ಎಲ್ಸಾ 3 ಹಡಗು ಕೊಚ್ಚಿ ಬಳಿ ಮುಳುಗಿತು. ಇವರ ಬೀಜ ಅದರಲ್ಲಿ ಇರಲಿಲ್ಲ. ಆದರೂ ಆ ಸೋಮವಾರ ಮಗ ಮಾಡಿದ ಮೊದಲ ಕೆಲಸ ಹಲಗೆಯಲ್ಲಿ 'ಹಡಗಿನಲ್ಲಿ' ಎಂಬ ಸಾಲಿನ ಪ್ರತಿ ಕಂಟೇನರಿಗೂ ವಿಮೆ ಯಾರ ಹೆಸರಿನಲ್ಲಿದೆ ಎಂದು ಹುಡುಕಿದ್ದು. ಎರಡಕ್ಕೆ ಮಾರುವವನದೇ ವಿಮೆ, ಅದರ ಪ್ರತಿ ಇವರ ಬಳಿ ಇರಲಿಲ್ಲ. ಈಗ ವಿಮೆಯ ಪ್ರತಿ ಬರದೆ ಹಲಗೆಯಲ್ಲಿ ಪೂರ್ತಿ ಲೆಕ್ಕ ಇಲ್ಲ.

ಜೂನ್ ಕೊನೆಗೆ ನಾನು ಎಣಿಸಿದಾಗ ಗೋದಾಮಿನಲ್ಲಿ 4,800 ಮೂಟೆ. ನಾಲ್ಕು ತಿಂಗಳಿಗೆ ಸ್ವಲ್ಪ ಹೆಚ್ಚು. ಬಡ್ಡಿ ಮೊದಲಿನ ಎರಡು ವರ್ಷಕ್ಕಿಂತ ಜಾಸ್ತಿ ಬಿದ್ದಿದೆ. ಬ್ಯಾಂಕಿನವರು ಅದನ್ನು ವರದಿಯಲ್ಲಿ ಕೇಳಿದರು, ನಾನು ಅದನ್ನು ವಿಮೆಯ ಕಂತು ಎಂದು ಓದಿಕೊಳ್ಳಿ ಎಂದು ಬರೆದೆ. ಅಪ್ಪನಿಗೆ ಈಗಲೂ ಆರು ತಿಂಗಳ ಬೀಜ ಬೇಕು. ಅಷ್ಟಕ್ಕೆ ಸಾಲದ ಮಿತಿ ಸಾಲದು, ಮಿತಿ ಏರಿಸಬೇಕಾದರೆ ಬ್ಯಾಂಕು ಮನೆಯ ಪಕ್ಕದ ತೋಟದ ಅಡಮಾನ ಕೇಳುತ್ತಿದೆ. ತೋಟ ಇರುವುದು ಅಮ್ಮನ ಹೆಸರಿನಲ್ಲಿ, ಅವರು ಸಹಿ ಹಾಕುವುದಿಲ್ಲ ಎಂದಿದ್ದಾರೆ.